ಎಳೆ ತಪ್ಪಿದ್ದು ಯಾವಾಗ

ಸಾಗರದಲ್ಲಿ ಗಿರಣಿಯ ಮಾಳಿಗೆ ಮೇಲೆ ನಮ್ಮ ಲ್ಯಾಬು.
ಕೆಳಗೆ ಮೆಣಸಿನಪುಡಿ ಬೀಸಿದ ದಿನ
ಮೇಲೆ ಎಲ್ಲರಿಗೂ ಸೀನು.
ಫ್ರಿಜ್ಜಿನಲ್ಲಿ ಎರಡು ಸಾಲು ಶೀಶೆ:
ಶರಾವತಿಯ ಈಚೆ ದಡದ ಕಪ್ಪೆ, ಆಚೆ ದಡದ ಕಪ್ಪೆ.
ಹೆಬ್ಬೆರಳ ಉಗುರಿನಷ್ಟು. ಕಣ್ಣಿಗೆ ಎರಡೂ ಒಂದೇ.
ರಾತ್ರಿ ಕೂಗಿದಾಗ ಮಾತ್ರ
ಒಂದು ಕಲ್ಲಿಗೆ ಕಲ್ಲು ತಾಗಿಸುತ್ತದೆ,
ಇನ್ನೊಂದು ತುಂಬಿದ ಕೊಡಕ್ಕೆ ಹನಿ ಬಿಡುತ್ತದೆ.

ಯಾವಾಗ ಬೇರೆಯಾದವು?
ಕಂಪ್ಯೂಟರು ಮೂರು ರಾತ್ರಿ ಯೋಚಿಸಿ ಹೇಳಿತು:
ಒಂದು ಕೋಟಿ ವರ್ಷ, ಇಲ್ಲವೇ ಮೂರು ಕೋಟಿ.
ಸಂತೆಯಲ್ಲಿ ಹೀಗೆ ಬೆಲೆ ಹೇಳಿದರೆ
ಯಾರೂ ನಿಲ್ಲುವುದಿಲ್ಲ.

ಎಷ್ಟು ಅಕ್ಷರ ಬದಲಾಗಿವೆ, ಎಣಿಸಬಹುದು.
ಒಂದು ಬದಲಾಗಲು ಎಷ್ಟು ಕಾಲ ಹಿಡಿಯಿತು ಎನ್ನಲು
ಎಲ್ಲಾದರೂ ಒಂದು ತಾರೀಖು ಬೇಕು,
ಕಲ್ಲಿನಲ್ಲಿ ಅಚ್ಚಾದ ಒಂದು ಮೂಳೆ.
ನಮ್ಮ ಮಣ್ಣು ಹುಳಿ, ಮೂಳೆಯನ್ನು ತಿಂದುಬಿಡುತ್ತದೆ.
ಯಾವುದೋ ದೇಶದ ಕಪ್ಪೆಯ ಮೂಳೆ ಕೈಗಡ ತಂದು
ನಮ್ಮ ಹಳ್ಳದ ಗಡಿಯಾರಕ್ಕೆ ಕೀಲಿ ಕೊಟ್ಟಿದ್ದೆವು.

ಕಪ್ಪೆ ಹುಡುಕಲು ಹೋದರೆ ಮಲಗುವುದು
ಹುಚ್ಚಮ್ಮನ ಜಗಲಿಯಲ್ಲಿ.
ಮೊಮ್ಮಗಳ ಮದುವೆ. ಕೆಮ್ಮಣ್ಣು ಬಳಿದ ಗೋಡೆಗೆ
ಪುಂಡಿನಾರಿನ ಕುಂಚದಲ್ಲಿ ಹಸೆ ಬರೆಯುತ್ತಿದ್ದಳು.
ಉಸಿರು ಹಿಡಿದು ಒಂದು ಎಳೆ.
ಬಿಟ್ಟು,
ಮತ್ತೊಂದು.

ಆಚೆ ದಡದಲ್ಲಿರುವ ಅವಳ ಅಕ್ಕ ಈರಮ್ಮನ ಗೋಡೆ
ನನ್ನ ಫೋನಿನಲ್ಲಿತ್ತು. ತೋರಿಸಿದೆ.
"ಇಲ್ಲೊಂದು ಎಳೆ ಬಿಟ್ಟಾಳೆ.
ಜೋಗಿಜಡೆ ಎಡಕ್ಕೆ ತಿರುಗೈತೆ.
ಈ ಮೂಲ್ಯಾಗೆ ಚುಕ್ಕಿ. ನಮ್ಮವ್ವ ಇಡ್ತಿರಲಿಲ್ಲ."
ಒಟ್ಟು ಏಳು ತಪ್ಪು ಹಿಡಿದಳು.
ತಪ್ಪು ಅವಳದೋ ನಿನ್ನದೋ, ಕೇಳಿದೆ.
"ಅವಳ್ನ ಕೇಳು. ನಂದೇ ಅಂತಾಳೆ."

ಬೇರೆಯಾದದ್ದು ಯಾವಾಗ?
"ಲಿಂಗನಮಕ್ಕಿ ನೀರು ಬಂತಲ್ಲ, ಆವಾಗ.
ಅವರು ಆಚೆ ಹತ್ತಿದ್ರು, ನಾವು ಈಚೆ."
ಕೊನೆಗೂ ಸಿಕ್ಕಿತು ಒಂದು ತಾರೀಖು!
ಅರವತ್ತು ವರ್ಷ, ಎರಡು ಕೈ, ಏಳು ತಪ್ಪು:
ಒಂದು ಕೈಗೆ ಹದಿನೇಳು ವರ್ಷಕ್ಕೊಂದು.
ಖುಷಿಯಲ್ಲಿ ಎಂಟನೆಯದನ್ನೂ ನಾನೇ ಹುಡುಕಿದೆ:
ಅಲ್ಲಿ ಬಾಸಿಂಗದ ತುದಿ ಮುಚ್ಚಿದೆ, ಇಲ್ಲಿ ತೆರೆದಿದೆ.
ಹುಚ್ಚಮ್ಮ ನಕ್ಕಳು.
"ಅದನ್ನ ಎಣಿಸಬ್ಯಾಡ. ಮುಚ್ಚಿದ್ದು ನನ್ನ ಗೋಡೆ ಮ್ಯಾಲೂ ಐತೆ, ಬಾಗಿಲ ಹಿಂದೆ ನೋಡು.
ಎರಡೂ ಅವ್ವನ ಹತ್ರ ಇದ್ವು.
ನಮ್ಮಿಬ್ರಿಗಿಂತ ಹಳೇದು ಅದು."

ಮೆಣಸಿನ ಘಾಟಿನಂತೆ ನೆತ್ತಿಗೇರಿತು ಆ ಮಾತು.

ಕಪ್ಪೆಯ ಚರ್ಮಕ್ಕೆ ಕಹಿ ಕೊಡುವ ಜೀನು
ಎಂದೋ ಒಮ್ಮೆ ಕೈತಪ್ಪಿ ಎರಡಾಗಿತ್ತು.
ಒಂದು ಹಳೆಯ ಕೆಲಸ ಬಿಡಲಿಲ್ಲ: ಬೂಷ್ಟು ಹತ್ತದಂತೆ ಕಾಯುವುದು.
ಕೆಲಸವಿಲ್ಲದ ಇನ್ನೊಂದು ತಪ್ಪುತ್ತ ತಪ್ಪುತ್ತ
ಹಾವಿನ ನಾಲಗೆಗೆ ಕಹಿಯಾಗುವುದನ್ನು ಕಲಿಯಿತು.
ಎರಡು ದಡದ ಕಪ್ಪೆಗಳಲ್ಲೂ ಎರಡೂ ಇವೆ.
ನಾನು ಈಚೆಯ ಹಳೆಯದನ್ನು
ಆಚೆಯ ಹೊಸದರ ಪಕ್ಕ ಇಟ್ಟು ಎಣಿಸಿದ್ದೆ.

ಮೂರು ಕೋಟಿ, ಜೀನು ಒಡೆದ ಕಾಲ.
ಕಪ್ಪೆ ಒಡೆದದ್ದು ಮೊನ್ನೆ ಮೊನ್ನೆ:
ಎಂಬತ್ತು ಲಕ್ಷ ವರ್ಷ, ಇಪ್ಪತ್ತು ಲಕ್ಷ ಹೆಚ್ಚುಕಮ್ಮಿ.
ಆ ಹೆಚ್ಚುಕಮ್ಮಿಯೊಳಗೆ
ಮನುಷ್ಯ ಹುಟ್ಟಿ ಇಲ್ಲಿವರೆಗಿನದೆಲ್ಲ
ಆರು ಸಲ ಮಡಚಿ ಇಡಬಹುದು,
ಅಣೆಕಟ್ಟು, ಲಾಂಚು, ಈಗಿನ ಸೇತುವೆ ಎಲ್ಲ ಸೇರಿ.

ಆ ಸೇತುವೆ ಮೇಲೇ ಈರಮ್ಮ ಮದುವೆಗೆ ಬಂದಳು.
ಚಪ್ಪಲಿ ಬಿಟ್ಟವಳು ನೀರು ಕೂಡ ಕೇಳದೆ
ಗೋಡೆಯ ಮುಂದೆ ನಿಂತಳು.
"ಏ ಹುಚ್ಚಿ, ಅವ್ವ ಇಡ್ತಿದ್ದ ಚುಕ್ಕಿ ಎಲ್ಲೋಯ್ತೇ?"
ಎಂದು, ಅಕ್ಕಿಹಿಟ್ಟಿನ ಬಟ್ಟಲಿಗೆ ಬೆರಳದ್ದಿ
ಮೂಲೆಯಲ್ಲಿ ಇಟ್ಟೇಬಿಟ್ಟಳು.
ಹುಚ್ಚಮ್ಮ ತಡೆಯಲಿಲ್ಲ.

ನಾನು ಏಳನ್ನು ಹೊಡೆದು ಆರು ಬರೆದೆ.
ಅದನ್ನೂ ಹೊಡೆದೆ.
ಹಿತ್ತಲ ಹಳ್ಳದಲ್ಲಿ
ಕಲ್ಲಿಗೆ ಕಲ್ಲು ತಾಗಿತು.